ಮರೆಯಲ್ಲಿದ್ದ ಕಾಯಿ

ಶಂಕರಘಟ್ಟದಲ್ಲಿ ಏಪ್ರಿಲ್, ಮಧ್ಯಾಹ್ನ ಮೂರು.
ಪಂಪಿನ ಗುಂಯ್ ಎನ್ನುವ ಸದ್ದಿಗೆ ಕಿವಿ ಎಂದೋ ಒಗ್ಗಿದೆ,
ಅದು ನಿಂತರೆ ಮಾತ್ರ ಕೇಳಿಸುತ್ತದೆ.
ಉಕ್ಕಿನ ಪಾತ್ರೆಯೊಳಗೆ, ಗಾಳಿಯೂ ಇಲ್ಲದ ಕಡೆ,
ಕಿರುಬೆರಳ ಉಗುರಿನಷ್ಟು ತಾಮ್ರ.
ಅದರ ಮೈಗೆ ಓರೆಯಾಗಿ
ಹೀಲಿಯಂ ಅಯಾನುಗಳನ್ನು ಎಸೆಯುತ್ತ ಕೂತಿದ್ದೇನೆ
ಮೂರು ವಾರದಿಂದ.

ಲೆಕ್ಕ ಹೇಳುವುದು ಇಷ್ಟೆ:
ಮುಂದಿನ ಪರಮಾಣುವಿನ ಬೆನ್ನಿಗೊಂದು ನೆರಳು,
ಬೆಳಕಿನದಲ್ಲ, ಅಯಾನು ಕಾಲಿಡಲಾರದ ಜಾಗ.
ಹಿಂದಿನದು ಅಲ್ಲಿ ಕೂತಿದೆ. ಅದಕ್ಕೆ ಏಟು ಬೀಳಕೂಡದು.
ಈ ಕೋನದಲ್ಲಿ ಎಣಿಕೆ ಸೊನ್ನೆ.

ಸೊನ್ನೆ ಬರಲಿಲ್ಲ.
ನಲವತ್ತೊಂದು ಬಂತು, ಆಮೇಲೆ ಮೂವತ್ತೆಂಟು,
ಮತ್ತೆ ನಲವತ್ತನಾಲ್ಕು.
ಸೋರಿಕೆ ಹುಡುಕಿದೆ. ಹರಳನ್ನು ಇನ್ನೊಮ್ಮೆ ಉಜ್ಜಿದೆ, ಕಾಯಿಸಿದೆ.
ಕೋನವನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿ ಈಚೆ ತಂದೆ.
ಮೇಡಂ ಫೋನಿನಲ್ಲಿ ನಕ್ಕರು:
"ಕಾಗದದ ಮೇಲಿನ ಪರಮಾಣುವಿಗೆ ಬೇಸಿಗೆ ಇಲ್ಲ ಕಣೇ ಭಾನುಮತಿ."

ಸಂಜೆ ಸ್ಟೋರ್‌ರೂಮಿನಲ್ಲಿ, ಖಾಲಿ ಸಿಲಿಂಡರುಗಳ ನಡುವೆ,
ಹೂವಪ್ಪನವರ ಕೇರಂ ಬೋರ್ಡು.
ಭದ್ರಾವತಿಯ ಕುಲುಮೆ ಮುಂದೆ ಹತ್ತೊಂಬತ್ತು ವರ್ಷ ನಿಂತವರು,
ಈಗ ನಮ್ಮ ನೈಟ್ರೋಜನ್ ಕ್ಯಾನು ಹೊರುತ್ತಾರೆ.
ಬಿಳಿ ಕಾಯಿ ಕರಿಯದರ ಹಿಂದೆ ಅಡಗಿತ್ತು, ನೇರಕ್ಕೆ ನೇರ.
"ಅದು ಸಿಗೋದಿಲ್ಲ" ಅಂದೆ.
ಅವರು ಹೊಡೆಯಲಿಲ್ಲ.
ಬೋರ್ಡಿನ ಮೂಲೆಗೆ ಗೆಣ್ಣಿನಿಂದ ಕುಟ್ಟಿದರು, ಟಕ್ ಟಕ್ ಟಕ್.
ಕಾಯಿಗಳು ಅದುರಿ ಅಷ್ಟಿಷ್ಟು ಜರುಗಿ
ಬಿಳಿಯದರ ಅಂಚು ಇಣುಕಿತು.
"ಈಗ?"
ಮೋಸ, ಅಂದೆ.
"ಮೋಸ ಅಲ್ಲ ಮಾರಾಯ್ತಿ, ಸೆಖೆ."

ಹಾಸ್ಟೆಲಿನ ಫ್ಯಾನಿನ ಕೆಳಗೆ ನಿದ್ದೆ ಬರಲಿಲ್ಲ.
ಒಳಗಿನ ಪರಮಾಣುವಿಗೆ ಸುತ್ತಲೂ ನೆರೆಹೊರೆ.
ಮೇಲಿನ ಸಾಲಿಗೆ ಒಂದು ಕಡೆ ಯಾರೂ ಇಲ್ಲ,
ಎಂಟೂವರೆ ಬಸ್ಸಿನ ಬಾಗಿಲಿಗೆ ನೇತುಬಿದ್ದವರ ಹಾಗೆ,
ಅದಕ್ಕೇ ಹೆಚ್ಚು ತುಯ್ಯುತ್ತದೆ.

ಆದರೆ ಅಯಾನಿಗೆ ಈ ತುಯ್ತ ಕಾಣುವುದೇ ಇಲ್ಲ.
ಅದರ ಅವಸರ ಅಂಥದು:
ಪರಮಾಣು ಒಂದು ಸಲ ತೂಗಿ ಬರುವಷ್ಟರಲ್ಲಿ
ಬಂದು, ಬಡಿದು, ಹೊರಟುಬಿಟ್ಟಿರುತ್ತದೆ.
ಪ್ರತಿಯೊಂದಕ್ಕೂ ಕಂಡದ್ದು ಅಲುಗದೆ ನಿಂತ ಸಾಲು,
ಪ್ರತಿಯೊಂದು ಸಾಲೂ ಬೇರೆ ಬೇರೆ ಥರ ಸೊಟ್ಟ.
ನೆರಳಿನ ಅಂಚು ಮಸುಕು ಎಂದು
ಯಾವ ಅಯಾನೂ ಹೇಳಿಲ್ಲ.
ಎಲ್ಲವನ್ನೂ ಕೂಡಿಸಿ ಮಸುಕು ಮಾಡಿದವಳು ನಾನು.

ಬೆಳಿಗ್ಗೆ ಹೂವಪ್ಪ ಕ್ಯಾನು ಬಗ್ಗಿಸಿದರು,
ಬಿಳಿ ಹೊಗೆ ಅವರ ಮೊಣಕಾಲು ದಾಟಿ ಬಾಗಿಲಿಗೆ ಹೋಯಿತು.
ತಾಮ್ರ ತಣಿಯಿತು.
ಇಪ್ಪತ್ತಾರು. ಹದಿನಾಲ್ಕು. ಒಂಬತ್ತು.
ಒಂಬತ್ತು.
ಮತ್ತೂ ಒಂಬತ್ತು.
"ಇನ್ನೂ ಸುರೀಲಾ?"
"ಬೇಡಿ. ಎಷ್ಟು ತಣಿಸಿದರೂ ಒಂಚೂರು ಉಳಿದೇ ಉಳೀತದೆ."
"ಕುಲುಮೆ ಬಿಟ್ಟು ಏಳು ವರ್ಷ ಆಯ್ತು" ಎಂದು
ಅಂಗೈಯನ್ನು ಕೆನ್ನೆಗಿಟ್ಟುಕೊಂಡು ನೋಡಿದರು,
ಮುಂದೇನೂ ಹೇಳಲಿಲ್ಲ.

ಪುಸ್ತಕದಲ್ಲಿ ಆ ಕೋನದ ಎದುರು
ಆತುರಕ್ಕೆ ನಾನು ಮೊದಲೇ ಬರೆದಿಟ್ಟಿದ್ದ ಸೊನ್ನೆ.
ಅದಕ್ಕೊಂದು ಬಾಲ ಎಳೆದೆ.