ಬತ್ತಿ

ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ ನನ್ನ ಅಂಗಡಿ.
ಕಂಬದ ಗಡಿಯಾರಕ್ಕೂ ನನಗೂ ಸಂಬಂಧವಿಲ್ಲ,
ಅದು ನಿಂತರೆ ಜನ ನನ್ನನ್ನು ಬೈಯುತ್ತಾರೆ, ಅಷ್ಟೆ.

ಭಾನುವಾರ ಯಾಕೂಬ್ ಬಂದ, ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ಟಿನವ.
ಕರ್ಚೀಫಿನಲ್ಲಿ ಸುತ್ತಿದ್ದನ್ನು ಗಾಜಿನ ಮೇಲಿಟ್ಟು
ಮೊದಲು ಬೀದಿ ನೋಡಿದ, ಆಮೇಲೆ ನನ್ನ ಮುಖ.
"ಬೀಡಿ ಬಿಟ್ಟು ಎರಡು ವರ್ಷಾತು. ಇದು ಶಾರ್ಜಾದಿಂದ ಷಡ್ಡಕ ತಂದಿದ್ದು.
ಈಗ ಎಳದ್ರೆ ಸುಟ್ಟ ಬೆಲ್ಲ, ಗಂಟಲಾಗ ಕೆಂಡ.
ಮಾರೋದು ತಪ್ಪಂತೆ. ತೊಳಿಯೋದು?"

ಐಗ್ಲಾಸು ಹುಬ್ಬಿಗೆ ಕಚ್ಚಿಸಿ ತಿರುಪು ಬಿಚ್ಚಿದೆ.
ಲೇಡೀಸ್ ವಾಚಿಗಿಂತ ಬಡ ಸಂಸಾರ:
ಒಂದು ತಗಡಿನ ಬಟ್ಟಲು, ಒಂದು ಸುರುಳಿ ತಂತಿ,
ತಂತಿಯ ಹೊಟ್ಟೆಯೊಳಗೆ ಚಿಟಿಕೆ ಹತ್ತಿ.
ಮೈತುಂಬ ಕರಿ ಜಿಗುಟು,
ಹೂರಣ ಸೋರಿ ಹೊತ್ತಿದ ಹೋಳಿಗೆ ಹಂಚಿನ ಹಾಗೆ.

ಬಿಸಿನೀರಲ್ಲಿ ನೆನೆಹಾಕಿದೆ. ನೀರು ಚಹಾ ಆಯಿತು.
ಸ್ಪಿರಿಟ್ಟಿನಲ್ಲಿ ಅದ್ದಿ, ಹಲ್ಲುಚಕ್ರ ಉಜ್ಜುವ ಕುಂಚದಲ್ಲಿ ಉಜ್ಜಿದೆ.
ಬಗ್ಗಲಿಲ್ಲ.
ಹತ್ತಿ ಕಿತ್ತು, ಬರಿ ತಂತಿಗೆ ಕಣ್ಣು ಮಿಟುಕಿಸುವಷ್ಟು ಕರೆಂಟು ಕೊಟ್ಟೆ.
ಕೆಂಪಗೆ ಕೆರಳಿತು, ಆರಿತು, ಮತ್ತೆ ಕೆರಳಿತು;
ಊದಿದರೆ ಉದುರಿತು ಕರಿ, ಹೊಟ್ಟಿನಂತೆ.

ಹೊಸ ಹತ್ತಿ ತುರುಕಿ ಕೊಟ್ಟೆ. ಎಳೆದ. ಕೆಮ್ಮಿದ.
"ಅದೇ ಬೆಲ್ಲ."
ಬಿಚ್ಚಿ ಹತ್ತಿ ಕಡಿಮೆ ಮಾಡಿದೆ. ಈ ಸಲ
ರಸ ಸೋರಿ ತುಟಿಗೆ ಬಂತು,
ಒಳಗೆ ಗೊಳಗೊಳ, ನೆಗಡಿ ಬಂದ ಕೂಸು.
ಮೂವತ್ತು ಕಲ್ಲಿನ ವಾಚು ಕೂಡಿಸಿದ ಕೈ ಇದು.
ನಾಚಿಕೆಯಾಯಿತು.

ಮೂಲೆಯ ಸ್ಟೂಲಿನಲ್ಲಿ ಅಪ್ಪ,
ಮೂವತ್ತೊಂದು ವರ್ಷ ಮಿಲ್ಲಿನ ಬ್ಲೋರೂಮಿನಲ್ಲಿ ಹತ್ತಿ ಬಿಡಿಸಿದವನು.
ಮಿಲ್ಲು ಈಗ ಸೈಟುಗಳು, ನಡುವೆ ಒಂದು ಕಲ್ಯಾಣಮಂಟಪ
(ಯಾಕೂಬ್ ಅಲ್ಲೇ ಊದುತ್ತಾನೆ ಲಗ್ನದ ದಿನಗಳಲ್ಲಿ).
ಅಪ್ಪನ ಸೋಮವಾರದ ಕೆಮ್ಮು ಮಾತ್ರ
ಇನ್ನೂ ಡ್ಯೂಟಿಗೆ ಹೋಗುತ್ತದೆ.

"ತಾ ಇಲ್ಲಿ."
ಔಷಧಿ ಅಂಗಡಿಯ ಹತ್ತಿ ಚಿಟಿಕೆ ಕಿತ್ತು ಬೆಳಕಿಗೆ ಹಿಡಿದ.
"ಎಳಿ ಎಲ್ಲಾ ಒಂದ ದಿಕ್ಕಿಗೆ ಮಲಗಬೇಕು. ನೀ ಉಂಡಿ ಮಾಡಿ ಜಡದಿ.
ಬಿಗಿಯಾದ್ರ ರಸ ಏರಂಗಿಲ್ಲ, ಸಡಿಲಾದ್ರ ನಿಲ್ಲಂಗಿಲ್ಲ.
ಬತ್ತಿ ಬತ್ತಬಾರದು, ಅಷ್ಟ."
ಹೊಸೆಯಲಿಲ್ಲ. ಉಗುರಿನಲ್ಲಿ ಬರೀ ಬಾಚಿದ,
ಜಾವಳ ಇನ್ನೂ ತೆಗೆಯದ ತಲೆ ಬಾಚುವಂತೆ.
ಇದು ಏನು, ಯಾತಕ್ಕೆ, ಕೇಳಲಿಲ್ಲ.
ಸುರುಳಿಯೊಳಗೆ ಹಾಯಿಸಿದಾಗ ತಂತಿ ತುಸು ಅಲುಗಿತು,
ಕದಲಲಿಲ್ಲ.

ರಸ ಹನಿಸಿ, ಎಲೆಯಡಿಕೆ ಅಗಿಯುವಷ್ಟು ಹೊತ್ತು ಕಾದೆವು.
"ಕುಡೀಲಿ ತಡೀರಿ. ಹಸದದ್ದಕ್ಕ ಬೆಂಕಿ ಹಚ್ಚಬ್ಯಾಡ್ರಿ," ಅಂದ ಅಪ್ಪ.

ಯಾಕೂಬ್ ಎಳೆದ. ಏನೂ ಅನ್ನಲಿಲ್ಲ. ಅದೇ ಉತ್ತರ.
ಬಿಳಿ ಮೋಡವೊಂದು ನಿಧಾನಕ್ಕೆ ಇಳಿದು
ಗೋಡೆಯ ಎಲ್ಲ ಮುಳ್ಳುಗಳನ್ನೂ ಮಸುಕು ಮಾಡಿತು.
ಅಪ್ಪನ ಕೈ ತಾನೇ ಹೆಗಲ ಟವೆಲ್ಲಿಗೆ ಹೋಗಿ
ಮೂಗು ಮುಚ್ಚಿತು,
ಬ್ಲೋರೂಮಿನ ಬಾಗಿಲಲ್ಲಿ ನಿಂತವನಂತೆ.

"ಎಷ್ಟು?"
"ಐವತ್ತು. ನೀ ಬಂದಿಲ್ಲ, ನಾ ನೋಡಿಲ್ಲ."
ಮೆಟ್ಟಿಲಿಳಿದು ತಿರುಗಿದ. "ಇದನ್ನ ಬಿಡಾಕ ಏನರ ರಿಪೇರಿ ಐತೇನು?"
ಐಗ್ಲಾಸು ತೆಗೆಯದೆ ನಕ್ಕೆ. ಅವನು ನಕ್ಕನೋ ಇಲ್ಲವೋ,
ಅಷ್ಟು ದೂರಕ್ಕೆ ಅದರಲ್ಲಿ ಕಾಣುವುದಿಲ್ಲ.

ಶಟರ್ ಎಳೆಯುವ ಹೊತ್ತಿಗೆ ನೋಡಿದರೆ
ಸುಟ್ಟ ಹಳೆ ಬತ್ತಿ ಅಪ್ಪನ ಅಂಗೈಯಲ್ಲಿ.
ಕಣ್ಣು ಮುಚ್ಚಿ ಮುಟ್ಟಿ ನೂಲಿನ ನಂಬರು ಹೇಳುತ್ತಿದ್ದವನು,
ನಲವತ್ತು, ಅರವತ್ತು, ಎಂಬತ್ತು,
ಹೆಬ್ಬೆರಳಲ್ಲಿ ತಿಕ್ಕಿದ, ಮತ್ತೆ ತಿಕ್ಕಿದ.
ಮಸಿ ಹತ್ತಿತು.

"ನಡಿ," ಅಂದ. "ನಾಳೆ ಸೋಮವಾರ."