ಹೆದೆ

ನೂಲು ಮಾರಿದ ದುಡ್ಡು ಅಂದೇ ಕೈಗೆ ಬಂತೆಂದು
ದಸ್ತಗೀರ್ ಸಾಬರು ಬಿಚ್ಚಾಣಿಕೆ ಶೆಡ್ಡಿನ ಗೋಡೆಗೆ
ಮನೆಯ ಟೀವಿ ತಂದು ಒರಗಿಸಿದರು.
ಮಗ ಮುಜಮ್ಮಿಲ್ ಪೆನ್ ಡ್ರೈವ್ ಚುಚ್ಚಿದ.
ನಾವು ಗೂಡಿನ ಚೀಲ ಮಡಿಸಿ ಹಾಸಿಕೊಂಡು ಕೂತೆವು.

ಕೊರಿಯಾದ ಪಿಚ್ಚರು, ರಾಜರ ಕಾಲದ್ದು.
ಎಲ್ಲರೂ ತೆಲುಗು ಮಾತಾಡುತ್ತಿದ್ದರು,
ಅದೂ ನಮ್ಮ ಶಿಡ್ಲಘಟ್ಟದ ತೆಲುಗಲ್ಲ,
ಎಲ್ಲೋ ಗೋದಾವರಿ ಕಡೆಯದು.
ತುಟಿ ಮುಚ್ಚಿದ ಮೇಲೂ ಮಾತು ಬರುತ್ತಿತ್ತು.
ಉಪ್ಪು ಹೊರುವವನೊಬ್ಬ
ಹೊಳೆ ದಾಟುವ ಕುದುರೆ ದಂಡನ್ನು
ಒಂದೇ ಬಿಲ್ಲಿನಲ್ಲಿ ತಡೆಯಬೇಕು. ಕಥೆ ಅಷ್ಟೇ.
ಅವನು ಬಿಲ್ಲೆತ್ತಿದಾಗ ಮಾತ್ರ
ತೆಲುಗೂ ಇರಲಿಲ್ಲ, ಏನೂ ಇರಲಿಲ್ಲ,
ಹಿಂದೆ ತೊಟ್ಟಿಯ ನೀರು ಆರುತ್ತಾ
ಆಗೊಮ್ಮೆ ಈಗೊಮ್ಮೆ ಗುಳುಕ್ ಅನ್ನುವುದು ಬಿಟ್ಟರೆ.

ಮುಗಿದ ಮೇಲೆ ಶುರುವಾಯಿತು.

'ಬರೀ ಸುಳ್ಳು' ಅಂದರು ಸಾಬರು.
'ಬಾಣ ಮರ ಬಳಸಿಕೊಂಡು ಹೋಗಿ ಹೊಡೆಯುತ್ತೇನ್ರಿ?
ನನ್ನ ಆಟೋನೇ ದಿಬ್ಬೂರಹಳ್ಳಿ ತಿರುವಲ್ಲಿ ತಿರುಗಲ್ಲ.'
'ಚೆಂಡು ಸ್ವಿಂಗ್ ಆದ್ರೆ ಚಪ್ಪಾಳೆ ಹೊಡೀತೀಯಲ್ಲಬ್ಬಾ,
ಬಾಣ ಏನು ಪಾಪ ಮಾಡ್ತು?' ಅಂದ ಮುಜಮ್ಮಿಲ್.

ಗೌಸಿಯಾಗೆ ಬೇಜಾರು. ಎರಡು ಗಂಟೆ, ಒಂದು ಹಾಡಿಲ್ಲ.
'ಆ ಹುಡುಗಿ ಒಂದು ಸಲ ನಕ್ಕಿದ್ರೆ
ಅವಳಪ್ಪನ ಗಂಟೇನು ಹೋಗ್ತಿತ್ತು!'

ಬ್ಯಾಟಪ್ಪ ಬೀಡಿ ತೆಗೆದ, ಹಚ್ಚಲಿಲ್ಲ.
ಹದಿನೆಂಟು ವರ್ಷ ಜಟಕಾ ಹೊಡೆದವನು.
'ಮನುಷ್ಯರು ಜಗಳಾಡಿದರು, ಸತ್ತರು, ಸರಿ.
ಕುದುರೆ ಏನು ಮಾಡಿತ್ತು?
ಬಿದ್ದ ಆ ಕಂದು ಕುದುರೆ ಕಿವಿ ನೋಡಿದಿರಾ?
ಇನ್ನೂ ಆಡುತ್ತಿತ್ತು.'
ಯಾರೂ ನೋಡಿರಲಿಲ್ಲ.

ಪಿಳ್ಳಮ್ಮನದು ಲಡಿ ಎಣಿಸುವ ಕೆಲಸ,
ಅವಳಿಗೆ ಲೆಕ್ಕ ತಪ್ಪಿದರೆ ಅನ್ನ ಇಳಿಯದು.
'ಬತ್ತಳಿಕೆಯಲ್ಲಿ ಹನ್ನೊಂದಿತ್ತು.
ಬಿಟ್ಟಿದ್ದು ಹತ್ತೊಂಬತ್ತು.
ಎಂಟು ಯಾರ ಮನೆಯಿಂದ ಬಂತು?'

ನನ್ನನ್ನು ಕೇಳಲಿಲ್ಲ. ನಾನೇ ಹೇಳಿದೆ.
ಯುದ್ಧದ ಹಿಂದಿನ ರಾತ್ರಿ
ಅವನು ಬೆಂಕಿಯ ಪಕ್ಕ ಕೂತು
ಬಿಲ್ಲಿನ ದಾರಕ್ಕೆ ಮೇಣ ತಿಕ್ಕುತ್ತಾನಲ್ಲ,
ಆ ದಾರ ರೇಷ್ಮೆ.
ಬಿಸಿನೀರಲ್ಲಿ ಇಪ್ಪತ್ತಾರು ವರ್ಷ
ಬೆರಳ ಗುರುತೇ ಅಳಿಸಿಹೋದ ಕೈ ನನ್ನದು,
ಆಧಾರ್ ಮೆಷಿನ್ನಿಗೆ ನಾನು ಯಾರೂ ಅಲ್ಲ,
ಆದರೆ ರೇಷ್ಮೆಯನ್ನು ದೂರದಿಂದ ಗುರುತು ಹಿಡಿಯುತ್ತೇನೆ:
ಅದು ಮಿಂಚಲ್ಲ,
ಬೆಳಕು ಕುಡಿದು ಸುಮ್ಮನಿರುತ್ತೆ.

'ರೇಷ್ಮೆನಾ? ಹಂಗಾದ್ರೆ ಕೇಜಿಗೆ ಏನು ರೇಟಂತೆ ಅಲ್ಲಿ?'
ಸಾಬರು ನಕ್ಕರು. ನಾನೂ ನಕ್ಕೆ.

ಮುಜಮ್ಮಿಲ್ ಎಸ್ಸೆಸ್ಸೆಲ್ಸಿ, ಕನ್ನಡದಲ್ಲಿ ತೊಂಬತ್ತೆರಡು.
'ಅದಕ್ಕೆ ದಾರ ಅನ್ನಲ್ಲ ಅಕ್ಕಾ, ಹೆದೆ' ಅಂದ.
'ಎದೆ' ಅಂದೆ.
'ಎದೆ ಅಲ್ಲ, ಹೆ, ಹೆದೆ.'
'ಎದೆ' ಅಂದಳು ಪಿಳ್ಳಮ್ಮ.
ನಮ್ಮ ಬಾಯಲ್ಲಿ ಹಕಾರ ಯಾವತ್ತು ನಿಂತಿದೆ,
ಹಾಲು ಆಲು, ಹೂವು ಊವು.
ಅವನು ಎರಡು ಸಲ ತಿದ್ದಿ ಕೈಬಿಟ್ಟ.
'ಹಂಗಾದ್ರೆ' ಅಂದಳು ಪಿಳ್ಳಮ್ಮ ನಿಧಾನಕ್ಕೆ,
'ರಾತ್ರಿಯೆಲ್ಲ ಕೂತು ಎದೆಗೆ ಮೇಣ ತಿಕ್ಕಿದ.
ಬೆಳಿಗ್ಗೆ ಎದೆನ ಕಿವಿತನಕ ಎಳೆದ.'
ಈ ಸಲ ಯಾರೂ ನಗಲಿಲ್ಲ.
ಗೌಸಿಯಾ ಸೆರಗು ಸರಿಮಾಡಿಕೊಂಡು
ಹೊತ್ತಾಯಿತೆಂದು ಎದ್ದಳು.

ಬೆಳಿಗ್ಗೆ ಐದಕ್ಕೆ ಒಲೆಗೆ ಹೊಟ್ಟು ಸುರಿದೆ.
ಗೂಡು ಬೆಂದು ತೇಲಿದವು.
ಕಡ್ಡಿಯಲ್ಲಿ ಕೆದಕಿ ತುದಿ ಹುಡುಕಿ
ಎಂಟು ಎಳೆ ಸೇರಿಸಿ ಚರಕಕ್ಕೆ ಕೊಟ್ಟೆ.
ಒಂದು ಎಳೆ ಎಳೆದು, ಸುಮ್ಮನೆ,
ಕಿವಿಯತನಕ ತಂದು ಹಿಡಿದೆ.
ಉಸಿರಿನಷ್ಟು ಹೊತ್ತು ನಿಂತು ತುಂಡಾಯಿತು.

ಆಚೆ ತೊಟ್ಟಿಯಿಂದ ಪಿಳ್ಳಮ್ಮ ಕೂಗಿದಳು,
ರಾತ್ರಿ ನಿದ್ದೆ ಮಾಡಿಲ್ಲದ ದನಿ:
'ಸಿಕ್ತು ಕಣೇ! ಆ ಎಂಟು,
ಸತ್ತವರ ಮೈಯಿಂದ ಕಿತ್ತುಕೊಂಡಿದಾನೆ.
ಲೆಕ್ಕ ಸರಿ.'

ಸರಿ ಅಂದೆ.
ನೂಲು ಬಿಚ್ಚಿ ಮುಗಿದ ಗೂಡಿನಿಂದ ಕಳಚಿದ
ಬೆಂದ ಹುಳವನ್ನು
ನೀರಿಂದೆತ್ತಿ ಪಕ್ಕಕ್ಕೆ ಹಾಕುತ್ತಿದ್ದೆ.