ಚಕ್ಕುಬಂದಿ

ಹುಮನಾಬಾದ ತಹಸೀಲ ಕಚೇರಿಯ ಗೋಡೆಗೆ ಒರಗಿಸಿದ
ಸ್ಟೂಲು, ಒಂದು ಭೂತಗನ್ನಡಿ, ಮಧ್ಯಾಹ್ನದ ತನಕ ಬೇವಿನ ನೆರಳು.
ಹಳೆ ನಿಜಾಮಿ ಕಾಗದ ಓದಿ ಹೇಳುತ್ತೇನೆ,
ಪುಟಕ್ಕೆ ಮೂವತ್ತು ರೂಪಾಯಿ.
ಅರ್ಜಿ ಬರೆಯುವವರು ಬೇರೆ. ನಾನು ಓದುವವನು, ಅಷ್ಟೇ.

ಫಸಲಿ ಸಾವಿರದ ಮುನ್ನೂರಾ ಐವತ್ತೆರಡರ ಈ ಕಾಗದ
ನನ್ನ ಕೈಗೆ ಮೂರು ಸಲ ಬಂದಿದೆ.

ಮೊದಲು ತಂದವರು ಮಾಣಿಕರಾವ.
'ಎಕರೆ ಎಷ್ಟು, ಗುಂಟೆ ಎಷ್ಟು, ಅಷ್ಟ ಹೇಳ್ರಿ ಸಾಬ್ರ.'
ಮೊರ ಹಿಡಿದು ಕೇರಿದೆ.
ಉರ್ದುವೆಲ್ಲ ಹೊಟ್ಟಾಗಿ ಹಾರಿ
ಅಂಕಿ ಉಳಿದವು, ತೊಗರಿ ಕಾಳಿನಷ್ಟು ಗಟ್ಟಿ:
ಒಂಬತ್ತು ಎಕರೆ, ಹದಿನೇಳು ಗುಂಟೆ.
ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ಆಮೇಲೆ ಎದುರು ಪಾರ್ಟಿಯ ವಕೀಲರು.
ಅವರಿಗೆ ಗುಂಟೆ ಬೇಡ, ಚಕ್ಕುಬಂದಿ ಬೇಕು.
ಅದೇ ಹಾಳೆ. ಈಗ ನೋಡಿದರೆ
ಮೂಡಲಿಗೆ ಹಳ್ಳ ಹರಿಯುತ್ತಿದೆ,
ತೆಂಕಲಿಗೆ ಬಂಡಿ ದಾರಿ,
ಪಡುವಲಿಗೆ ಪೀರಸಾಬನ ಹೊಲ,
ಬಡಗಲಿಗೆ ಹುಣಸಿ ಮರ.
ಇವೆಲ್ಲ ಮೊದಲ ಸಲ ಎಲ್ಲಿದ್ದವು?
ನಾನು ಕೇಳಿರಲಿಲ್ಲ, ಅವು ಹೇಳಿರಲಿಲ್ಲ.

ನಿನ್ನೆ ಜಗದೇವಿ ಬಂದರು, ಸೆರಗಿನ ತುದಿಯಲ್ಲಿ
ಅದರದೇ ಜೆರಾಕ್ಸು ಮಡಚಿಕೊಂಡು.
'ಹೊಲ ನಮಗ ಬರಂಗಿಲ್ಲ, ಗೊತ್ತದ.
ನಮ್ಮಾಯಿ ಹೆಸರು ಅದರಾಗ ಅದ ಏನ್ರಿ?
ಆಕಿದು ಫೋಟೋ ಇಲ್ಲ, ಏನೂ ಇಲ್ಲ. ಭೀಮವ್ವ ಅಂತ.'
ಇಲ್ಲ ತಾಯಿ, ಅಂದೆ, ಬಿಚ್ಚದೆಯೇ.
ಈ ಹಾಳೆ ನನಗೆ ಬಾಯಿಪಾಠ.
ಅವರು ಏಳಲಿಲ್ಲ.
'ಬಾಯಿಪಾಠದಾಗ ಬ್ಯಾಡ, ಕಾಗದದಾಗ ನೋಡ್ರಿ.'

ನೋಡಿದೆ. ಹೆಸರೊಂದನ್ನೇ ಹುಡುಕುತ್ತ
ಬಲದಿಂದ ಎಡಕ್ಕೆ ಬೆರಳು, ಇರುವೆಯ ಹಾಗೆ,
ಸಾಲು ಮುಗಿದರೆ ತಿರುಗಿ ಬಲಕ್ಕೆ.
ಹಳೆಯ ಮಡಿಕೆ ಜೆರಾಕ್ಸಿನಲ್ಲಿ ಕರೀ ಗೆರೆಯಾದಲ್ಲಿ,
ಚುಕ್ಕೆಯೊಂದು ಅಳಿಸಿ:
ಬಡಗಲಿಗೆ, ಭೀಮವ್ವ ನೆಟ್ಟ ಹುಣಸಿ.

ವಕೀಲರಿಗೆ ಈ ಸಾಲನ್ನೇ ಓದಿ ಹೇಳಿದ್ದೆನಲ್ಲ.
ಮರ ಇಟ್ಟುಕೊಂಡು
ನೆಟ್ಟವಳನ್ನು ದಾಟಿ ಹೋಗಿದ್ದೆ,
ಬೇರಿಗೂ ಎಡವದೆ.

ಜಗದೇವಿ ಅಳಲಿಲ್ಲ. ಆ ಸಾಲನ್ನು ಕನ್ನಡದಲ್ಲಿ
ಬಸ್ ಟಿಕೀಟಿನ ಹಿಂದೆ ಬರೆಸಿಕೊಂಡರು.
'ಇದರಾಗ ಆಕಿ ಯಾವುದು?' ತೋರಿಸಿದೆ.
ಮೂರು ಅಕ್ಷರದ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡೇ ಹೋದರು,
ಮೂವತ್ತು ರೂಪಾಯಿ ಚಿಲ್ಲರೆ ಎಣಿಸಿ.

ಇವತ್ತು ಮಾಣಿಕರಾವರ ಫೋನು.
'ಎಷ್ಟು ಗುಂಟೆ ಅಂದಿದ್ರಿ ಸಾಬ್ರ? ಮರ್ತೀನಿ.'
ಹೇಳಲು ಬಾಯಿ ತೆರೆದೆ.
ಹದಿ... ಹದಿ...
ಹುಳಿ ಕಚ್ಚಿದಂತೆ
ಹಲ್ಲು ಜುಮ್ಮೆಂದವು.